ತಂತಿಗೆ ಹಾಕಿದ ಹಡಗಿನ ಬಾವುಟ

ಕಳೆದ ವರ್ಷ ಯುಗಾದಿಗೆ ಇನ್ನು ಎರಡು ದಿನವಿತ್ತು. ಅಂದು ನಮ್ಮಮ್ಮ ಮಾಡಿದ ಎಡವಟ್ಟನ್ನು ಬೀದಿಯವರು ಇನ್ನೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನೂ ಬೇಜಾರಿಲ್ಲ.

ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ "ಹೊನ್ನಾಳಿ, ಹೊನ್ನಾಳಿ" ಎಂದು ಕೂಗಿ ಬಸ್ಸು ತುಂಬಿಸುತ್ತಿದ್ದವರು ನಮ್ಮಪ್ಪ. ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಅಂದಿನಿಂದ ಯಾರ ಮುಖವನ್ನೂ ನೋಡಲೊಲ್ಲರು. ಗೆಳೆಯರು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಕರೆಯಲಿ ಎಂದು ಗಂಟೆ ಕೊಟ್ಟರೆ ಎಸೆದರು. ನನಗಂತೂ ಸಾಕುಸಾಕಾಗಿತ್ತು.

ಎದುರು ಮನೆಯ ರುದ್ರೇಶಪ್ಪನವರು ಜಗಳೂರಿನವರು. ಅಂಥ ಬಯಲುಸೀಮೆಯಿಂದ ಹೋಗಿ ಮೂವತ್ತು ವರ್ಷ ಹಡಗಿನಲ್ಲಿ ದುಡಿದ ಪುಣ್ಯಾತ್ಮ! ಹಡಗಿನವರು ಬಾವುಟ ಏರಿಸಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಾರಂತೆ. ಯಾವ ದೇಶದವರಾದರೂ ಬಾವುಟದ ಅರ್ಥ ಒಂದೇ. ಅಪ್ಪ ಬೇಕಾದಾಗ ಕಿಟಕಿಗೆ ಸಿಕ್ಕಿಸಲಿ ಎಂದು ಅವರು ಬಣ್ಣ ಹೇಳಿಕೊಟ್ಟರು, ಟೈಲರಾದ ನಾನು ಐದು ಬಾವುಟ ಹೊಲಿದೆ. ನೀಲಿಯೊಳಗೆ ಬಿಳಿ, ಬಿಳಿಯೊಳಗೆ ಕೆಂಪು ಇದ್ದರೆ 'ಡಾಕ್ಟರ್ ಬೇಕು' ಎಂದು. ಒಂದೊಂದರ ಅರ್ಥವನ್ನೂ ಅವರು ಅಪ್ಪನಿಗೆ ಬಿಡಿಸಿ ಹೇಳಿದರು. ಅಪ್ಪ ನೋಡಿದರು, ಮುಟ್ಟಲಿಲ್ಲ.

ಅಂದು ಅಮ್ಮ ಹಬ್ಬಕ್ಕೆಂದು ಅಪ್ಪನ ಹಾಸಿಗೆ ಬಟ್ಟೆಯನ್ನೂ ಬಿಡದೆ ಒಗೆದಳು. ಅಪ್ಪನನ್ನು ಜಗಲಿಯಲ್ಲಿ ಕೂರಿಸಿ, ಪಕ್ಕದ ತಂತಿಗೆ ಪರದೆ, ಹೊದಿಕೆಗಳ ಜೊತೆ ಐದೂ ಬಾವುಟ ಹರವಿದಳು. ಸ್ವಲ್ಪ ಹೊತ್ತಿಗೇ ರುದ್ರೇಶಪ್ಪನವರು ಮಂಡಿನೋವಿನ ಕಾಲಲ್ಲೇ ಓಡಿ ಬಂದರು. ಅರ್ಧ ಮುಖಕ್ಕೆ ಶೇವಿಂಗ್ ನೊರೆ. ಹಿಂದೆಯೇ ಅವರು ಕರೆತಂದ ಆಟೋ!

"ಅಕ್ಕಾರೆ, ಏನಾತು ಅಣ್ಣಾರಿಗೆ? ಡಾಕ್ಟರ್ ಬಾವುಟ ಹಾಕೀರಲ್ಲ!"

ಅಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಶಿವನೇ! ತೊಳೆದು ಒಣಗಾಕೆ ಹಾಕೀನಿ ಕಣ್ರೀ. ತಪ್ಪಾತು."

ನಾಚಿಕೆಯಿಂದ ನನ್ನ ಮುಖ ಇಷ್ಟಾಯಿತು. "ಹಿಂಗೆ ಓಡಿ ಬರೋ ಬದ್ಲು ಅಲ್ಲಿಂದಲೇ ಕೂಗಿ ಕೇಳಬಾರದಿತ್ತಾ?" ಎಂದೆ.

"ಬಾವುಟ ಕಂಡ ಮ್ಯಾಲೆ ಹೋಗಲೇಬೇಕವ್ವ. ನಿಜನೋ ಸುಳ್ಳೋ ಅಂತ ನಿಂತು ಯೋಚನೆ ಮಾಡಾಕೆ ಸಮುದ್ರದಾಗೆ ಟೈಮ್ ಇರಲ್ಲ," ಎಂದರು, ಏದುಸಿರು ಬಿಡುತ್ತಲೇ.

ಅಪ್ಪ ಎಲ್ಲವನ್ನೂ ನೋಡುತ್ತಿದ್ದರು. ಕಂಬ ಹಿಡಿದು ಎದ್ದರು. ನಾನು ಹಿಡಿಯಲು ಹೋದರೆ ಗುರಾಯಿಸಿದರು. ಎಡಗೈಯಿಂದ ತಂತಿಯ ಒಂದು ಒದ್ದೆ ಬಾವುಟ ಎಳೆದು ರುದ್ರೇಶಪ್ಪನವರ ಮುಂದೆ ಹಿಡಿದರು. ಅರ್ಧ ಹಳದಿ, ಅರ್ಧ ನೀಲಿ.

"ಅದೇನ್ರೀ ಅರ್ಥ?" ಹೊಲಿದ ನನಗೇ ಮರೆತಿತ್ತು.

"ನಿಮ್ಮ ಜತೆ ಮಾತಾಡಬೇಕು ಅಂತ ಐತೆ," ಎನ್ನುತ್ತ ಅವರು ಅಪ್ಪನನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತರು.

ಆಟೋದವನನ್ನು ನಾನೇ ಸಮಾಧಾನ ಮಾಡಿ ಕಳಿಸಿದೆ. ಬಿಸಿಲೇರುವ ತನಕ ರುದ್ರೇಶಪ್ಪನವರು ಮಾತಾಡಿದರು, ಅಪ್ಪ ತಲೆಯಾಡಿಸಿದರು. ಇಂಥ ನೆರೆಯವರು ಸಿಕ್ಕಿದ್ದು ನಮ್ಮ ಭಾಗ್ಯ. ಕಾಯಿಲೆ ಬಿದ್ದ ಮೇಲೆ ಅಪ್ಪ ತಾವಾಗಿ ಕರೆದ ಮೊದಲ ಮನುಷ್ಯ ಅವರೇ.