ಮೂರು ತಲೆಯ ದಾರಿ

ಎಪ್ಪತ್ತರ ದಶಕದ ಮಾತು. ಮಸೂತಿ ಎಂಬ ಹಳ್ಳಿಯ ಪಕ್ಕದ ನಮ್ಮೂರಿಗೆ ಬಸ್ಸಿರಲಿಲ್ಲ. ಸಂತೆ, ದವಾಖಾನೆ ಇದ್ದ ಬಾಗೇವಾಡಿಗೆ ಹಳ್ಳ ಸುತ್ತಿ ಚಕ್ಕಡಿಯಲ್ಲಿ ಹೋದರೆ ಅರ್ಧ ದಿನ. ಗೌಡರ ಹೊಲದ ಬದುವಿನ ಮೇಲೆ ಹೋದರೆ ಬೇಗ. ಎಲ್ಲರೂ ಅಲ್ಲೇ ನುಗ್ಗಿ ಎರೆಮಣ್ಣು ಗುಂಡಿ ಬಿದ್ದಾಗ ಗಾಡಿ ಕಡಿಮೆಯಾಗಲೆಂದು ಗೌಡರು ಕಟ್ಟಳೆ ಹಾಕಿದರು: ಹೊಡೆಯುವವನೂ ಸೇರಿ ಮೂರು ತಲೆ ಇದ್ದ ಚಕ್ಕಡಿಗೆ ಮಾತ್ರ ಆ ದಾರಿ. ಉಳಿದವರು ಹಳ್ಳ ಸುತ್ತಬೇಕು. ಜನ ಕೂಡಿ ಹೋಗತೊಡಗಿದರು. ಮಾತು ಬಿಟ್ಟಿದ್ದ ನಾನೂ ಗಂಡನ ತಮ್ಮನ ಹೆಂಡತಿಯಾದ ನನ್ನ ನೆಗೆಣ್ಣಿಯೂ ಬೆನ್ನಿಗೆ ಬೆನ್ನು ಹಚ್ಚಿ ಒಂದೇ ಚಕ್ಕಡಿಯಲ್ಲಿ ಸಂತೆಗೆ ಹೋಗಿದ್ದುಂಟು.

ದಾರಿಯ ಬಾಯಿಗೆ ಕಾವಲಿಗೊಬ್ಬ ಮುದುಕ. ಹೋಗುವ ಗಾಡಿಗೂ ಬರುವ ಗಾಡಿಗೂ ಕೋಲಿನಿಂದ ತಲೆ ಎಣಿಸುತ್ತಿದ್ದ. ಮಕ್ಕಳಾದರೆ ತಮ್ಮ ಕಾಲ ಮೇಲೆ ನಿಂತಿರಬೇಕು. ತೊಡೆಯ ಮೇಲಿನ ಕೂಸು ಲೆಕ್ಕಕ್ಕಿಲ್ಲ. ಒಬ್ಬ ಪುಣ್ಯಾತ್ಮ ಪಕ್ಕದ ಮನೆಯ ಕೂಸನ್ನು ಎರವಲು ತಂದ ಮೇಲೆ ಕಟ್ಟಳೆಗೆ ಆ ಮಾತು ಸೇರಿತು.

ಬಿಳಿಜೋಳ ಬಿತ್ತುವ ಕಾಲಕ್ಕೆ ನನ್ನ ಮೂರು ವರ್ಷದ ಮಗಳಿಗೆ ಜ್ವರ ಬಂತು. ಎರಡು ದಿನ ನೋಡಿದೆವು. ಮೂರನೆಯ ದಿನ ಕಣ್ಣೇ ತೆರೆಯಲಿಲ್ಲ. ಗಂಡ ಎತ್ತು ಹೂಡಿದ. ಊರೆಲ್ಲ ಹೊಲದಲ್ಲಿತ್ತು, ಕರೆಯಲು ಯಾರೂ ಸಿಗಲಿಲ್ಲ.

ಮುದುಕ ಕೋಲು ಅಡ್ಡ ಹಿಡಿದ. "ಎರಡ ತಲಿ."

"ಮೂರು ಅದಾವ ನೋಡೋ ಮುತ್ಯಾ. ಕಣ್ಣು ಹೋಗ್ಯಾವೇನು?" ಎಂದೆ.

"ತೊಡಿ ಮ್ಯಾಲಿಂದು ಲೆಕ್ಕಕ್ಕಿಲ್ಲವಾ. ಗೌಡ್ರು ಬಾವಿ ಕಟ್ಟಿ ಮ್ಯಾಲ ಕುಂತು ನೋಡಾಕತ್ತಾರ. ಇನ್ನೊಂದು ಗಾಡಿ ಸುಮ್ನ ಬಿಟ್ರ ಮನಿಗಿ ನಡಿ ಅಂದಾರ."

"ಕೂಸು ಸಾಯಾಕತ್ತೇತೋ!"

ಅವನು ಹತ್ತಿರ ಬಂದು ಮಗಳ ಹಣೆ ಮುಟ್ಟಿದ. ಕೈ ಹಿಂದೆ ಎಳೆದುಕೊಂಡ. ಬೈದ, ಯಾರಿಗೆಂದು ತಿಳಿಯಲಿಲ್ಲ. ಕೋಲನ್ನು ಚಕ್ಕಡಿಯೊಳಗೆ ಒಗೆದು ತಾನೂ ಹತ್ತಿ ಕೂತ.

"ಈಗ ಮೂರು ಆತು. ಹೊಡಿಯೋ ತಮ್ಮಾ, ಜಲ್ದಿ."

ತಲೆಯ ರುಮಾಲು ಬಿಚ್ಚಿ ಮಗಳಿಗೆ ನೆರಳು ಹಿಡಿದ. ಬಾವಿಯ ಹತ್ತಿರ ಗೌಡರು ಎದ್ದು ನಿಂತು ಬೆರಳು ಮಾಡಿ ಎಣಿಸಿದರು. ಮತ್ತೆ ಕಟ್ಟೆಯ ಮೇಲೆ ಕೂತರು. ಬದು ಮುಗಿದಲ್ಲಿ ಮುದುಕ ಇಳಿದ. ರುಮಾಲು ನನ್ನ ಕೈಯಲ್ಲೇ ಉಳಿಯಿತು. ಅವನು ಬಿಸಿಲಲ್ಲಿ ಬೋಳು ತಲೆಯಲ್ಲೇ ಹಿಂದಕ್ಕೆ ನಡೆದ.

ಬಾಗೇವಾಡಿಯ ಡಾಕ್ಟರು ಸೂಜಿ ಹಾಕಿದರು. ಇನ್ನೊಂದು ತಾಸು ತಡವಾಗಿದ್ದರೆ ಎಂದು ಹೇಳಹೊರಟರು, ನಾನು ಕೇಳಿಸಿಕೊಳ್ಳಲಿಲ್ಲ.

ನಾಲ್ಕು ದಿನದ ಮೇಲೆ ಅದೇ ದಾರಿಯಲ್ಲಿ ಮರಳಿದೆವು. ಮಗಳು ಚಕ್ಕಡಿಯ ಗೂಟ ಹಿಡಿದು ನಿಂತಿದ್ದಳು, ಕಾಲು ಇನ್ನೂ ನಡುಗುತ್ತಿದ್ದವು. ನಾನು ಒಗೆದ ರುಮಾಲು ಕೊಟ್ಟೆ. ಮುದುಕ ಅದನ್ನು ಸುತ್ತಿಕೊಂಡು ಕೋಲು ಎತ್ತಿದ. ಒಂದು. ಎರಡು. ಮಗಳ ಮುಂದೆ ಬಂದಾಗ ಅವಳು ಕೋಲಿನ ತುದಿ ಹಿಡಿದುಕೊಂಡಳು.

"ತೊಡಿ ಮ್ಯಾಲ ಕುಂದ್ರಿಸಿಕೊಳ್ಳಲೇನೋ ಮುತ್ಯಾ?" ಎಂದು ಚುಚ್ಚಿದೆ.

"ಬ್ಯಾಡ," ಎಂದ. ಕೋಲು ಬಿಡಿಸಿಕೊಳ್ಳಲಿಲ್ಲ. "ಹಂಗ ನಿಂದ್ರಲಿ. ಮೂರು."