ಆರು ನೂರು ಬಟ್ಟಲಿನ ಮದುವೆ

ಬಟ್ಟಲೊಂದಕ್ಕೆ ಮೂವತ್ತಾರು ರೂಪಾಯಿ ಬಿತ್ತು, ಅದರ ಮೇಲೆ ಹೆಸರು ಕೊರೆಸಿದ್ದಕ್ಕೆ ಎರಡು. ಅಂಥ ಬಟ್ಟಲು ಆರು ನೂರು. ಮೊತ್ತ ನೀವೇ ಮಾಡಿಕೊಳ್ಳಿ; ಆ ವರ್ಷ ನಾನು ಅದನ್ನು ದಿನಕ್ಕೆ ಹತ್ತು ಸಲ ಮಾಡಿದ್ದೇನೆ. ಇಷ್ಟು ದುಡ್ಡು ಸಿಕ್ಕಿಬಿದ್ದದ್ದು ಏಕೆಂದರೆ ನಾನು ಚೌಕಾಸಿಯಲ್ಲಿ ಗೆದ್ದಿದ್ದೆ. ಸೋತಿದ್ದರೆ ಒಂದು ಪೈಸೆಯೂ ಹೋಗುತ್ತಿರಲಿಲ್ಲ.

ಅಣ್ಣಿಗೇರಿಯಲ್ಲಿ ನನ್ನದೊಂದು ಭಾಂಡೆ ಅಂಗಡಿ, ಪಾತ್ರೆ ಮಾರುವುದು. ಅದಕ್ಕೂ ಮೊದಲು ಹನ್ನೊಂದು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಹಳ್ಳಿ ತಿರುಗಿದವಳು ನಾನು. ಹಳೆಯ ಸೀರೆ, ಪ್ಯಾಂಟು ತೆಗೆದುಕೊಂಡು ಪಾತ್ರೆ ಕೊಡುವ ವ್ಯಾಪಾರ. ಹಾಗಾಗಿ ದೇಶದ ವ್ಯವಹಾರ ಕುಸಿಯುತ್ತಿದೆ ಎಂಬುದು ಟಿವಿಯವರಿಗಿಂತ ಮೊದಲು ನನಗೆ ಗೊತ್ತಾಯಿತು. ಸರಕಾರ ಹಳೆಯ ನೋಟು ರದ್ದು ಮಾಡಿದ ವರ್ಷ ಹೆಂಗಸರ ಗಂಟಿನ ದುಡ್ಡು ಬ್ಯಾಂಕಿಗೆ ಹೋಯಿತು, ಮರಳಿ ಗಂಟಿಗೆ ಬರಲಿಲ್ಲ. ಆಮೇಲೆ ಹೊಸ ತೆರಿಗೆ ಬಂತು. ಅಂಗಡಿಗೆ ಬಂದವರು ಕೊಡವನ್ನು ಕೈಯಲ್ಲಿ ಎತ್ತಿ ತೂಕ ನೋಡುವುದನ್ನು ಬಿಟ್ಟು ಮೊದಲು ಬೆಲೆ ಕೇಳತೊಡಗಿದರು. ತೆಳ್ಳನೆಯ ತಗಡಿನ ಪಾತ್ರೆ ಮೊದಲು ಖಾಲಿಯಾಗುತ್ತಿತ್ತು. ಟಿವಿಯಲ್ಲಿ ಕೋಟು ತೊಟ್ಟವರೊಬ್ಬರು, ಜನ ಕೊಳ್ಳುತ್ತಿಲ್ಲವಾದ್ದರಿಂದ ಕಾರ್ಖಾನೆ ನಿಂತಿದೆ, ಕಾರ್ಖಾನೆ ನಿಂತಿದ್ದರಿಂದ ಜನ ಕೊಳ್ಳುತ್ತಿಲ್ಲ ಎಂದು ವಿವರಿಸಿದರು. ಇಷ್ಟು ದುಂಡಗೆ ಮಾತಾಡಿ ಸಂಬಳ ಪಡೆಯುವ ಕೆಲಸ ನನಗೇಕೆ ಹೊಳೆಯಲಿಲ್ಲವೋ.

ಅಂಥ ಹೊತ್ತಿನಲ್ಲಿ ನವಲಗುಂದದ ಕಡೆಯ ಹಳ್ಳಿಯಿಂದ ಹಿಟ್ಟಿನ ಗಿರಣಿ ಇಟ್ಟಿದ್ದ ಗೃಹಸ್ಥರೊಬ್ಬರು ಬಂದರು. ಮಗಳ ಮದುವೆ. ಬಂದ ಮಂದಿಗೆಲ್ಲ ಒಂದೊಂದು ಸ್ಟೀಲ್ ಬಟ್ಟಲು ಕೊಡಬೇಕು, ಅದರ ಮೇಲೆ ಗಂಡು, ಹೆಣ್ಣಿನ ಹೆಸರು ಮತ್ತು ತಾರೀಖು ಇರಬೇಕು.

"ನಲವತ್ತೈದು ಅಗದಿ ಭಾಳಾತ್ರಿ ಅಕ್ಕಾರ. ಹುಬ್ಬಳ್ಳ್ಯಾಗ ನಲವತ್ತಕ್ಕ ಸಿಗತಾವು."

"ಸಿಗತಾವ್ರಿ ಅಣ್ಣಾರ, ಊದಿದ್ರ ಹಾರಿ ಹೋಗುವಂಥವು. ನಲವತ್ತೆರಡು ಮಾಡತೇನಿ. ಆದ್ರ ಆರು ನೂರೂ ನನ್ನ ಹತ್ರನ ತಗೋಬೇಕು."

"ಹಂಗಾದ್ರ ಮುಂಗಡ ಕೇಳಬ್ಯಾಡ್ರಿ."

"ಮನಿ ಮಂದಿ ಇದ್ದಂಗ ಅದೀರಿ. ಮದಿವಿ ಮುಗದ ಮ್ಯಾಲ ಕೊಡ್ರಿ."

ನಾನು ಜೀವಮಾನದಲ್ಲಿ ಯಾರನ್ನೂ ಮನೆಯ ಮಂದಿ ಎಂದು ಅಷ್ಟು ಬೇಗ ಒಪ್ಪಿದವಳಲ್ಲ. ಆದರೆ ಆ ತಿಂಗಳು ಅಂಗಡಿಗೆ ಬಂದ ದೊಡ್ಡ ಗಿರಾಕಿ ಅವರೊಬ್ಬರೇ. ಮೇಲಿಂದ ಇನ್ನೊಂದು ಜಾಣತನ ಮಾಡಿದೆ. ಮದುವೆಯ ಹಂಗಾಮಿನಲ್ಲಿ ಹೆಸರು ಕೊರೆಯುವವನು ಬಟ್ಟಲಿಗೆ ಮೂರು ರೂಪಾಯಿ ಕೇಳುತ್ತಾನೆ. ಅದಕ್ಕೆ ತಿಂಗಳು ಮೊದಲೇ ಕೂರಿಸಿ, ಎರಡು ರೂಪಾಯಿಗೆ ಆರು ನೂರನ್ನೂ ಕೊರೆಸಿಟ್ಟೆ. ಉಳಿದ ಒಂದೊಂದು ರೂಪಾಯಿಯನ್ನು ನೆನೆದು ಹಿಗ್ಗಿದೆ.

ಆಮೇಲೆ ರೋಗ ಬಂದು ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಮದುವೆ ಅವರ ಅಂಗಳದಲ್ಲೇ ಆಯಿತು, ಪೊಲೀಸರು ಒಪ್ಪಿದ ಇಪ್ಪತ್ತು ಮಂದಿಯ ಎದುರು. ಮಾರನೆಯ ದಿನ ಗಿರಣಿಯವರು ಫೋನು ಮಾಡಿದರು.

"ಅಕ್ಕಾರ, ಅಕ್ಕಿಕಾಳ ಹಾಕಾಕ ಮಂದಿ ಇರಲಿಲ್ಲ. ಬಟ್ಟಲ ಯಾರಿಗೆ ಹಂಚಲಿ? ಇಪ್ಪತ್ತು ಕಳಸ್ರಿ, ಇಪ್ಪತ್ತರ ರೊಕ್ಕ ಕೊಡತೇನಿ."

ಉಳಿದವು ಐನೂರ ಎಂಬತ್ತು. ನನ್ನ ಬಂಡವಾಳವೆಲ್ಲ ಅದರೊಳಗೆ ಕೂತಿತ್ತು. ಅಂಗಡಿ ತೆರೆಯಲು ಪರವಾನಗಿ ಬಂದಾಗ ಹುಬ್ಬಳ್ಳಿಯ ಸಗಟು ವ್ಯಾಪಾರಿ, ಹಳೆಯ ಬಾಕಿ ತೀರದೆ ಹೊಸ ಮಾಲು ಇಲ್ಲ ಎಂದ. ದಸರೆಗೆ ಮಾಲು ಬರದಿದ್ದರೆ ಭಾಂಡೆ ಅಂಗಡಿ ಮುಚ್ಚಿದಂತೆಯೇ. ಮಳಿಗೆಯ ಮಾಲೀಕರು ಬಾಡಿಗೆ ಕೇಳಲಿಲ್ಲ, ಒಳ್ಳೆಯವರು. ಮೊಬೈಲು ರಿಪೇರಿಯವನೊಬ್ಬನನ್ನು ಕರೆತಂದು ಗೋಡೆಯ ಅಳತೆ ತೆಗೆಸಿದರು ಅಷ್ಟೆ.

ಹೆಸರು ಅಳಿಸೋಣವೆಂದು ಪಾಲಿಶಿನವನನ್ನು ಕೇಳಿದೆ. ಅವನು ಹೇಳಿದ ದರಕ್ಕೆ ಹೊಸ ಬಟ್ಟಲೇ ಬರುತ್ತಿತ್ತು. ಕೊನೆಗೆ ಕುಂದಗೋಳದ ಕಡೆಯ ಹಳ್ಳಿಯೊಂದಕ್ಕೆ ಮಾರಲು ಹೊತ್ತು ಹೋದೆ. ನಮ್ಮ ಕಡೆ ಯಾವ ಮನೆಯ ಗೋಡೆಯ ಮಾಡ ನೋಡಿದರೂ ಕಂಡವರ ಮದುವೆಯ ಹೆಸರಿರುವ ಬಟ್ಟಲು, ತಟ್ಟೆಗಳೇ ತುಂಬಿರುತ್ತವೆ. ಒಬ್ಬರ ಹೆಸರಿನ ತಟ್ಟೆಯಲ್ಲಿ ರೊಟ್ಟಿ, ಇನ್ನೊಬ್ಬರ ಹೆಸರಿನ ಬಟ್ಟಲಿನಲ್ಲಿ ಪಲ್ಯ. ಇನ್ನೂ ಒಂದು ಹೆಸರು ಬಂದರೆ ಯಾರಿಗೆ ತೊಂದರೆ ಎಂಬುದು ನನ್ನ ಲೆಕ್ಕ.

ಮೊದಲ ಮನೆಯ ಹೆಂಗಸು ಬಟ್ಟಲನ್ನು ಬೆಳಕಿಗೆ ಹಿಡಿದು ಓದಿದಳು.

"ಇವರು ನಮಗೇನಾಗಬೇಕು?"

"ಏನೂ ಆಗಬೇಕಾಗಿಲ್ರಿ. ಮೂವತ್ತಕ್ಕ ತಗೋರಿ."

"ಮದಿವ್ಯಾಗ ಪುಗಸಟ್ಟೆ ಹಂಚೂದನ್ನ ರೊಕ್ಕಕ್ಕ ಮಾರತಿಯೇನಬೇ? ಯಾರ ಮನ್ಯಾಗಿಂದ ಎತ್ತಿ ತಂದಿ?"

ಅಕ್ಕಪಕ್ಕದವರು ಕೂಡಿದರು. ಹನ್ನೊಂದು ವರ್ಷ ಬುಟ್ಟಿ ಹೊತ್ತಾಗ ನನ್ನನ್ನು ಜಿಪುಣಿ ಎಂದಿದ್ದರು, ಮಾತನ್ನೂ ತಕ್ಕಡಿಯಲ್ಲಿ ತೂಗುವವಳು ಎಂದಿದ್ದರು. ಕಳ್ಳಿ ಎಂದದ್ದು ಅಂದೇ ಮೊದಲು. ಕೊಟ್ಟರೆ ಆಶೀರ್ವಾದ, ಮಾರಿದರೆ ಕಳವಿನ ಮಾಲು. ಬಟ್ಟಲು ಮಾತ್ರ ಅದೇ.

ಸಿಟ್ಟಿನಲ್ಲಿ ನೇರ ಗಿರಣಿಯವರ ಮನೆಗೆ ಹೋದೆ. ಗಿರಣಿ ನಿಂತಿತ್ತು. ಅವರು ಅದರ ಗಾಲಿಗೆ ಎಣ್ಣೆ ಹಚ್ಚುತ್ತಿದ್ದರು, ಅದು ತಿರುಗದಿದ್ದರೂ. ಜಗಳವಾಡಲು ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿ ಚಹಾ ತಂದಿಟ್ಟು ತನ್ನ ದುಃಖ ತೋಡಿಕೊಂಡಳು.

"ಮೂವತ್ತು ವರ್ಷ ಮಂದಿ ಮದಿವಿಗೆಲ್ಲಾ ಹೋಗಿ ಆಯೇರಿ ಮಾಡೇನ್ರಿ. ಸೀರಿ ಕೊಟ್ಟೇನಿ, ಜ್ವಾಳ ಕೊಟ್ಟೇನಿ. ನಮ್ಮ ಪಾಳಿ ಬಂದಾಗ ಒಂದು ಕುಬಸದ ಕಣಾನೂ ಬರಲಿಲ್ಲ."

ಆಯೇರಿ ಎಂದರೆ ಮದುವೆಯ ಉಡುಗೊರೆ; ಅದರಲ್ಲಿ ಎಲ್ಲಕ್ಕಿಂತ ಅಗ್ಗದ್ದು ಕುಬಸದ ಕಣ. ಇವತ್ತು ನೀವು ಮಾಡಿದ್ದನ್ನು ನಾಳೆ ನಿಮ್ಮ ಮನೆಯ ಮದುವೆಗೆ ಅವರು ಮಾಡಬೇಕು. ಯಾವ ಕಾಗದವೂ ಇಲ್ಲದ, ಯಾರೂ ಮರೆಯದ ವ್ಯವಹಾರ. ಆಕೆ ಅಳುತ್ತಿದ್ದಳು, ನನಗೆ ಮಾತ್ರ ಊರೂರಿನಲ್ಲಿ ಆಕೆಗೆ ಬರಬೇಕಾಗಿ ಕೂತ ಮಾಲು ಕಂಡಿತು.

"ಮಂದಿ ಮದಿವಿಗೆ ಬರಲಿಲ್ಲ, ಖರೆ," ಎಂದೆ. "ಮದಿವೀನೇ ಮಂದಿ ಕಡೆ ಹೋದ್ರ?"

"ಭಿಕ್ಷಾ ಬೇಡಾಕ ಹೋಗೂಣೇನ್ರಿ?" ಎಂದು ಗಿರಣಿಯವರು ಉರಿದೆದ್ದರು.

"ಬಟ್ಟಲ ಕೊಡಾಕ ಹೋಗೂಣ್ರಿ. ನೀವೇನೂ ಕೇಳಬ್ಯಾಡ್ರಿ. ಬಂದ ಆಯೇರ್ಯಾಗ ಅರ್ಧ ನನಗ. ಬಟ್ಟಲದ ಬಾಕಿ ಮಾಫಿ."

ಗಂಡ ಇಲ್ಲವೆಂದರು. ಹೆಂಡತಿ ಹೂಂ ಎಂದಳು. ಎರಡನೆಯ ದಿನ ಬಾಡಿಗೆಯ ಟಂಟಂ ಆಟೋದಲ್ಲಿ ಬಟ್ಟಲು ತುಂಬಿಕೊಂಡು ಮೂವರೂ ಹೊರಟೆವು.

ಮೊದಲು ಹೋದದ್ದು ಕಲಘಟಗಿಯ ಆಚೆ ತಂಬೂರ ಎಂಬ ಹಳ್ಳಿಗೆ. ಅಲ್ಲಿ ಗಿರಣಿಯವರ ಹೆಂಡತಿಯ ಸೋದರತ್ತೆಯ ಮನೆ. ಮುದುಕಿ ಬಟ್ಟಲು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು, ಹುಡುಗಿಯ ಸುಖ ಕೇಳಿದಳು, ಎದ್ದು ಒಳಗೆ ಹೋದಳು. ಕಾಳಿನ ಚೀಲ ತರುತ್ತಾಳೆಂದು ನಾನು ಟಂಟಂನಲ್ಲಿ ಜಾಗ ಮಾಡಿದೆ. ಬರಿಗೈಯಲ್ಲಿ ಬಂದಳು.

"ಊಟ ಎಲ್ಲೈತಿ?"

"ಯಾವ ಊಟಬೇ ಅತ್ತಿ?"

"ಮದಿವಿ ಊಟ. ಉಣ್ಣಲಾರದ ಆಯೇರಿ ಮಾಡಿದ್ರ ಮಂದಿ ಏನಂತಾರ? ಬರೇ ಬಟ್ಟಲ ತೋರಿಸಿ ವಸೂಲಿಗೆ ಬಂದಿರೇನು?"

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮರಳಿ ಬಂದು ಬುಂದಿ ಉಂಡಿ ಕಟ್ಟಿಸಿದೆವು. ಸಕ್ಕರೆ, ಎಣ್ಣೆಯ ಖರ್ಚು ಯಾರದೆಂದು ಗಿರಣಿಯವರ ಜೊತೆ ಒಂದು ತಾಸು ಚೌಕಾಸಿ ಮಾಡಿದೆ. ಕಡೆಗೆ ಎಣ್ಣೆ ನನ್ನ ಪಾಲಿಗೆ ಬಂತು. ಬಟ್ಟಲಿನಲ್ಲಿ ಎರಡು ಉಂಡಿ ಇಟ್ಟು ಕೊಟ್ಟ ಮೇಲೆ ನೋಡಿ, ಮನೆಮನೆಯ ಬಾಗಿಲು ತೆರೆಯಿತು. ಕೈಯಲ್ಲಿ ರೊಕ್ಕ ಯಾರಿಗೂ ಇರಲಿಲ್ಲ, ಆದರೆ ಸಂತೆ ನಿಂತು ಮಾರಾಟವಾಗದ ಕಡಲೆ ಎಲ್ಲರ ಮನೆಯಲ್ಲೂ ಇತ್ತು. ಕಡಲೆ, ಜೋಳ, ಒಣಮೆಣಸಿನಕಾಯಿ ಬಂದವು. ಎಲ್ಲಕ್ಕಿಂತ ಹೆಚ್ಚು ಬಂದದ್ದು ಕುಬಸದ ಕಣ. ರವಿಕೆಯ ಈ ಬಟ್ಟೆಯ ತುಂಡನ್ನು ನಮ್ಮಲ್ಲಿ ಯಾರೂ ಹೊಲಿಸುವುದಿಲ್ಲ. ಒಂದು ಮದುವೆಯಲ್ಲಿ ಬಂದದ್ದನ್ನು ಇನ್ನೊಂದು ಮದುವೆಗೆ ಕೊಡುತ್ತಾರೆ. ಮಡಿಕೆಯಲ್ಲೇ ಬಣ್ಣ ಮಾಸಿದ ಒಂದು ಕಣವನ್ನು ಗಿರಣಿಯವರ ಹೆಂಡತಿ ಗುರುತು ಹಿಡಿದಳು: ಆರು ವರ್ಷದ ಹಿಂದೆ ಬೇರೆ ಊರಿನಲ್ಲಿ ತಾನೇ ಕೊಟ್ಟದ್ದು. ದೇಶದಲ್ಲಿ ಹಣ ತಿರುಗುತ್ತಿಲ್ಲ ಎಂದು ಟಿವಿಯವರು ಕೊರಗುತ್ತಿದ್ದಾಗ ಕುಬಸ ಮಾತ್ರ ಒಂದು ದಿನವೂ ನಿಂತಿರಲಿಲ್ಲ.

ಅರ್ಧ ಆಯೇರಿ ಎಂದು ಹಟ ಹಿಡಿದವಳು ನಾನೇ. ಹೀಗಾಗಿ ಒಂದು ದೊಡ್ಡ ಗಂಟು ಕುಬಸ ನನ್ನ ಪಾಲಿಗೂ ಬಂತು. ಗಿರಣಿಯವರು ಆ ಗಂಟನ್ನು ಬಹಳ ಗೌರವದಿಂದ ನನ್ನ ಅಂಗಡಿಗೆ ತಾವೇ ಹೊತ್ತು ತಂದರು.

"ತಗೋರಿ ಅಕ್ಕಾರ. ಕರಾರು ಅಂದ್ರ ಕರಾರು."

ಮಾರುಕಟ್ಟೆ ತೆರೆದಾಗ ಕಡಲೆ, ಮೆಣಸಿನಕಾಯಿ ಮಾರಿದೆ. ಬಟ್ಟಲಿನ ಅಸಲು ಪೂರ್ತಿ ಬರಲಿಲ್ಲ, ಆದರೆ ಸಗಟು ವ್ಯಾಪಾರಿಯ ಬಾಯಿ ಮುಚ್ಚುವಷ್ಟು ಬಂತು. ಅವನು ಅರ್ಧ ಮಾಲು ಕಳಿಸಿದ. ಮೊಬೈಲಿನವನು ಬೇರೆ ಕಡೆ ಮಳಿಗೆ ಹುಡುಕಿಕೊಂಡ. ಆ ದಸರೆಗೆ ಕೊಡ ಕೊಂಡವರಿಗೆಲ್ಲ ಒಂದು ಕುಬಸ ಪುಕ್ಕಟೆ ಎಂದು ಹಲಗೆ ಬರೆಸಿದೆ. ಹೆಂಗಸರು ಕೊಡಕ್ಕೆ ಚೌಕಾಸಿ ಮಾಡಲಿಲ್ಲ, ಕುಬಸದ ಬಣ್ಣಕ್ಕೆ ಮಾಡಿದರು. ಮರುವರ್ಷ ಮತ್ತೆ ಕೊಡ ಎತ್ತಿ ತೂಕ ನೋಡುವವರು ಬರತೊಡಗಿದರು. ವ್ಯವಹಾರ ಚೇತರಿಸಿಕೊಂಡಿದೆ ಎಂದು ಟಿವಿಯವರು ಹೇಳಿದ್ದು ಅದಾಗಿ ಎಷ್ಟೋ ದಿನದ ಮೇಲೆ. ಯಾವ ಯೋಜನೆಯಿಂದ ಚೇತರಿಕೆ ಬಂತೆಂದು ಅವರಿನ್ನೂ ವಾದಿಸುತ್ತಿದ್ದರು. ತಂಬೂರಿನ ಮುದುಕಿಯ ಬುಂದಿ ಉಂಡಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಮೊನ್ನೆ ಗಿರಣಿಯವರು ಮೊಮ್ಮಗನ ಹೆಸರಿಡುವ ಕಾರ್ಯಕ್ಕೆ ಇನ್ನೂರು ಲೋಟ ಕೇಳಿಕೊಂಡು ಬಂದಿದ್ದರು. ಕೂಡುವ ಮೊದಲೇ ಮುಂಗಡ ಮೇಜಿನ ಮೇಲಿಟ್ಟರು. ಬೆಲೆಯಲ್ಲಿ ಎರಡು ರೂಪಾಯಿ ಬಿಟ್ಟೆ. ಅವರು ಕೇಳಿರಲಿಲ್ಲ.

ಈಗ ನಿಮಗೆ ಹೇಳುವುದು ಇಷ್ಟು. ಬಂದವರಿಗೆ ಪಾತ್ರೆ ಹಂಚುವುದಿದ್ದರೆ ಹೆಸರನ್ನು ಕೊನೆಯ ವಾರ ಕೊರೆಸಿ, ರೂಪಾಯಿ ಹೆಚ್ಚಾದರೂ ಆಗಲಿ. ತಾರೀಖು ಬೇಡವೇ ಬೇಡ. ಮನೆತನದ ಹೆಸರಷ್ಟೇ ಇದ್ದರೆ ಉಳಿದದ್ದು ಮುಂದಿನ ಕಾರ್ಯಕ್ಕೆ ಬರುತ್ತದೆ. ಬಟ್ಟಲನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿ, ಬಾಗಿದರೆ ಬಿಟ್ಟುಬಿಡಿ. ವ್ಯಾಪಾರ ಬಿದ್ದ ಕಾಲದಲ್ಲಿ ಅಂಗಡಿಯವಳು ಮುಂಗಡ ಬೇಡವೆಂದರೆ ಆಕೆಗೆ ಉಸಿರುಗಟ್ಟಿದೆ ಎಂದು ತಿಳಿಯಿರಿ. ಬೆಲೆಯನ್ನು ಇನ್ನೂ ಇಳಿಸಲು ಹೋಗಬೇಡಿ, ಕಾಲುಭಾಗ ರೊಕ್ಕ ಕೈಯಲ್ಲಿಟ್ಟು ಗಟ್ಟಿ ಮಾಲು ಕೇಳಿ. ಸಿಗುತ್ತದೆ. ಯಾರಿಗಾದರೂ ಆಯೇರಿ ನಿಮ್ಮ ಮನೆಯಿಂದ ಹೋಗುವುದು ಉಳಿದಿದ್ದರೆ ಈ ವಾರವೇ ಮುಟ್ಟಿಸಿ, ಕಾಳಿನಲ್ಲಾದರೂ ಸರಿ. ಕುಬಸ ಮಾತ್ರ ಕೊಡಬೇಡಿ.