ಯುಗಾದಿಯ ಹರಳೆಣ್ಣೆಯೂ ಕಿವಿಯ ಕಾಗದವೂ

೧೯೫೧ರ ಏಪ್ರಿಲ್ ೭, ಶನಿವಾರ. ಖರ ಸಂವತ್ಸರದ ಯುಗಾದಿ. ಇದನ್ನು ನೆನಪಿನಿಂದ ಬರೆಯುತ್ತಿಲ್ಲ. ಆ ವರ್ಷದ ಪಂಚಾಂಗವನ್ನು ಮುಂದಿಟ್ಟುಕೊಂಡು, ವಾರವನ್ನು ಬೇರೊಂದು ಕ್ಯಾಲೆಂಡರಿನೊಡನೆ ತಾಳೆ ನೋಡಿದ ಮೇಲೆ ಬರೆಯುತ್ತಿದ್ದೇನೆ. ಆದರೆ ಅಂದು ಬೆಳಿಗ್ಗೆ ಕಲ್ಯಾಣದುರ್ಗದಲ್ಲಿ ಬಸ್ಸಿನಿಂದ ಜಿಗಿದು ಓಡುವಾಗ ನನ್ನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೆಂಬುದಕ್ಕೆ ಯಾವ ಪಂಚಾಂಗದ ಸಾಕ್ಷಿಯೂ ನನಗೆ ಬೇಕಿಲ್ಲ.

ಆಗ ನಾನು ಹಿಂದೂಪುರದ ಆಸ್ಪತ್ರೆಯೊಂದರಲ್ಲಿ ಕಿವಿಯ ಅಧ್ಯಯನಕ್ಕೆ ಸಹಾಯಕನಾಗಿದ್ದೆ. ವರ್ಷಗಟ್ಟಲೆ ಸೋರಿ ತಮಟೆಯಲ್ಲಿ ತೂತು ಬಿದ್ದ ಕಿವಿಗಳು ನಮ್ಮ ವಿಷಯ. ಮೊದಲು ಸೋರಿಕೆಯನ್ನು ಒಣಗಿಸಬೇಕು. ಆಮೇಲೆ ತೂತಿನ ಅಂಚಿಗೆ ಆಮ್ಲ ಸೋಕಿಸಿ, ಸಿಗರೇಟಿಗೆ ಸುತ್ತುವಂಥ ತೆಳುಕಾಗದದ ಪುಟ್ಟ ಬಿಲ್ಲೆಯನ್ನು ಅದರ ಮೇಲೆ ಅಂಟಿಸಬೇಕು. ಕಾಗದದ ಆಸರೆಯಲ್ಲಿ ಹೊಸ ಪೊರೆ ಬೆಳೆದು ತೂತು ಮುಚ್ಚುತ್ತದೆಂಬುದು ಪರದೇಶದ ವೈದ್ಯರ ಅನುಭವ. ನಮ್ಮ ಸೀಮೆಯ ಧೂಳಿನಲ್ಲಿ, ಸೆಕೆಯಲ್ಲಿ ಅದು ನಿಲ್ಲುತ್ತದೆಯೇ ಎಂಬುದು ನಮ್ಮ ಪ್ರಶ್ನೆ.

ನಾವು ಕಾಗದ ಅಂಟಿಸಿದ ಮೊದಲ ಕಿವಿ ಬೆಲ್ಲದ ಮಂಡಿಯಲ್ಲಿ ಹರಾಜು ಕೂಗುವವರದು. ಎಡಗಿವಿ ಹೋಗಿದ್ದರಿಂದ ಆ ಕಡೆಯ ವ್ಯಾಪಾರಿಗಳು ಬೆಲೆ ಏರಿಸಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಎಷ್ಟೋ ಸಲ ಜಗಳವಾಗಿತ್ತು. ಯುಗಾದಿ ಕಳೆದು ಸೋಮವಾರ ವರ್ಷದ ಮೊದಲ ಹರಾಜು. ಅಂದೂ ಒಂದು ಕೂಗು ತಪ್ಪಿದರೆ ಬೇರೆಯವರನ್ನು ನಿಲ್ಲಿಸುತ್ತೇವೆಂದು ಮಂಡಿಯ ಹಿರಿಯರು ಹೇಳಿಬಿಟ್ಟಿದ್ದರು.

ಬಿಲ್ಲೆ ಅಂಟಿದ ಕ್ಷಣವೇ ಅವರು ಸ್ಟೂಲಿನಿಂದ ಎದ್ದುಬಿಟ್ಟರು.

“ಅಯ್ಯಯ್ಯೋ! ಯಾರೋ ಬಾಗ್ಲು ತೆಗ್ದಂಗಾಯ್ತು ಸ್ವಾಮಿ! ಆ ಗಡಿಯಾರ ಟಿಕ್ ಟಿಕ್ ಅಂತೈತಲ್ಲ, ಮೊದ್ಲೂ ಅಂತಿತ್ತಾ?”

“ಅಂತಿತ್ತು.”

“ನಂಗೊಬ್ಬಂಗೇ ನಿಂತೋಗಿತ್ತು ಬುಡಿ!”

ಅವರಿಗಿಂತ ನಾನೇ ಹೆಚ್ಚು ಕುಣಿದಾಡಿದೆನೇನೋ. ಪಿಸುಮಾತಿನ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದೆ. ಎರಡು ಗಜ ದೂರ ಸರಿದೆ, ಗೋಡೆಯವರೆಗೂ ಸರಿದೆ, ಪ್ರತಿಸಲವೂ ಉತ್ತರ ಬಂತು. ಕೊನೆಗೆ, ಕಿವಿಗೆ ನೀರು ಸೋಕಬಾರದೆಂದು ಒತ್ತಿ ಹೇಳಿ ಕಳುಹಿಸಿದೆ. ಅವರು ಹಬ್ಬಕ್ಕೆ ಕಲ್ಯಾಣದುರ್ಗದ ಮಾವನ ಮನೆಗೆ ಹೋದರು.

ಶುಕ್ರವಾರ ಮಂಡಿಯ ತೂಕದವನೊಬ್ಬ ಗಂಟಲು ತೋರಿಸಲು ಬಂದವನು ನಗುತ್ತ ಹೇಳಿದ: “ನಮ್ಮ ಹರಾಜು ಕೂಗೋನು ನಿಮ್ಮ ಮಾತು ಮೀರಾಕಿಲ್ಲವಂತೆ ಸ್ವಾಮಿ. ನಾಳೆ ಹಬ್ಬದ ಎಣ್ಣೆಸ್ನಾನದಾಗೆ ನೀರು ಒಳೀಕ್ ಹೋಗ್ದಂಗೆ, ಮೊದ್ಲೇ ಕಿವಿ ತುಂಬ ಹರಳೆಣ್ಣೆ ಬಿಡುಸ್ಕತೀನಿ ಅಂದ.”

ಈ ಸೀಮೆಯಲ್ಲಿ ಎಣ್ಣೆ ಎಂದರೆ ಒದ್ದೆಯಲ್ಲ, ಒದ್ದೆಯಾಗದಂತೆ ಕಾಯುವ ವಸ್ತು. ನೀರು ಬೇಡವೆಂದ ವೈದ್ಯ ಎಣ್ಣೆಯನ್ನು ಒಪ್ಪಿದ್ದಾನೆಂದೇ ಅದರ ಅರ್ಥ. ಬೆಚ್ಚಗಿನ ಎಣ್ಣೆಗೆ ಕಾಗದ ಕಳಚಿಕೊಂಡರೆ ತೂತಿನ ಮೂಲಕ ಅದು ನಡುಗಿವಿಗಿಳಿದು ಮತ್ತೆ ಸೋರಿಕೆ ಶುರುವಾಗುತ್ತಿತ್ತು. ಸೋಮವಾರದ ಹರಾಜೂ ಕೈತಪ್ಪುತ್ತಿತ್ತು. ಸಂಜೆಯ ಬಸ್ಸು ಹಿಡಿದೆ, ಮೈಸೂರು ಸೀಮೆಯ ಪಾವಗಡದಲ್ಲಿ ತಂಗಿದೆ, ಬೆಳಗಿನ ಮೊದಲ ಬಸ್ಸಿಗೆ ಕಲ್ಯಾಣದುರ್ಗ ಸೇರಿದೆ.

ಅಂಗಳದಲ್ಲಿ ಅವರು ಮಣೆಯ ಮೇಲೆ ಕೂತಿದ್ದರು. ನೆತ್ತಿ ಎಣ್ಣೆಯಿಂದ ಹೊಳೆಯುತ್ತಿತ್ತು. ಅವರ ಹೆಂಡತಿಯ ಅಜ್ಜಿ ಬಟ್ಟಲು ಹಿಡಿದು ಕಿವಿಯ ಕಡೆ ಬಾಗುತ್ತಿದ್ದರು.

“ಬೇಡ! ಕಿವಿಗೆ ಬಿಡಬೇಡಿ!” ಎಂದು ಬಾಗಿಲಿನಿಂದಲೇ ಕೂಗಿದೆ.

“ಯಾರ್ಲಾ ಇವ್ನು? ವರ್ಸದ ಮೊದ್ಲೇ ದಿನ ಬೇಡ ಬೇಡ ಅನ್ಕಂಡು ಬಂದ್ಬುಟ್ಟ!”

“ಅಜ್ಜೀ, ನನ್ನ ಕಿವೀಗೆ ಕಾಗ್ದ ಅಂಟ್ಸಿದ ಡಾಕ್ಟ್ರು ಅವ್ರೇ,” ಎಂದರು ಮಣೆಯ ಮೇಲಿದ್ದವರು.

“ಕಾಗ್ದಾನಾ? ಗಾಳೀಪಟಕ್ಕೆ ಅಂಟ್ಸೋದು ಕೇಳಿದ್ದೆ ನಾಯನಾ, ಅಳಿಯಂಗೆ ಅಂಟ್ಸೋದು ಇವತ್ತೇ ಕೇಳಿದ್ದು!”

ನಾನು ವಿವರಿಸಿದೆ. ಅಜ್ಜಿ ಅಲುಗಲಿಲ್ಲ. “ಹಬ್ಬದ ಮನೇಲಿ ಕಿವಿಗೇಂತ ಎತ್ತಿದ ಎಣ್ಣೆ ಕುಡಿಕೆಗೆ ವಾಪಸ್ ಹಾಕಾಕಿಲ್ಲ ಕಣಪ್ಪ. ಅಳಿಯನ ಕಿವಿ ಬ್ಯಾಡ ಅಂದ್ರೆ ಇನ್ಯಾರ ಕಿವೀಗೆ ಬುಡ್ಲಿ?”

“ನನ್ನ ಕಿವಿಗೆ ಬಿಡಿ.”

ಮನೆಯೆಲ್ಲ ಘೊಳ್ಳೆಂದಿತು. ಅಂಗಿ ಬಿಚ್ಚಿ ಮಣೆಯ ಮೇಲೆ ಕೂತೆ. “ಓದ್ದೋನ ಕಿವಿ ಅಂದ್ರೂ ನಮ್ಮಂಗೇ ಐತೆ,” ಎನ್ನುತ್ತ ಅಜ್ಜಿ ಬೆಚ್ಚಗಿನ ಹರಳೆಣ್ಣೆಯನ್ನು ಧಾರಾಳವಾಗಿ ಸುರಿದರು. ಒಂದು ಕಿವಿ ಮುಚ್ಚಿಕೊಂಡು ಎಲ್ಲರ ನಗು ನೀರಿನಡಿಯಿಂದ ಬಂದಂತೆ ಕೇಳಿಸುತ್ತಿದ್ದಾಗ, ನಾನು ಬಿಸಿಲಿಗೆ ಕನ್ನಡಿ ಹಿಡಿದು ಅಳಿಯನ ಕಿವಿಯನ್ನು ನೋಡಿದೆ. ಒಣಗಿದ ಕಿವಿ, ಕೂರಿಸಿದಲ್ಲೇ ಕೂತ ಕಾಗದ! ಆ ಸಂತೋಷದಲ್ಲಿ ಎರಡು ಒಬ್ಬಟ್ಟು ಹೆಚ್ಚಾಗಿಯೇ ತಿಂದೆ.

ಸೋಮವಾರ ಮಂಡಿಯಲ್ಲಿ ಬೆಲ್ಲದ ರಾಶಿಯ ಹಿಂದೆ ನಿಂತಿದ್ದೆ. ಎಡಗಡೆಯ ಮೂಲೆಯಲ್ಲಿದ್ದ ವ್ಯಾಪಾರಿಯೊಬ್ಬರು, ಪರೀಕ್ಷೆ ಮಾಡಲೆಂದೇ, ಬಾಯಿಂದ ಬೀಡಿ ತೆಗೆಯದೆ ಗೊಣಗಿದಂತೆ ಬೆಲೆ ಏರಿಸಿದರು. ಹರಾಜು ಕೂಗುತ್ತಿದ್ದ ನಮ್ಮ ರೋಗಿ ಕತ್ತನ್ನೂ ತಿರುಗಿಸಲಿಲ್ಲ.

“ಎಡಗಡೆ ಬೀಡಿ ಸಾವ್ಕಾರ್ರು ಒಂದಾಣೆ ಏರ್ಸವ್ರೆ! ಇನ್ಯಾರು, ಇನ್ಯಾರು?”

ಮಂಡಿ ಗಹಗಹಿಸಿತು. ಮೂಲೆಯವರು ಬೀಡಿ ಎಸೆದು ಕೈಮುಗಿದರು. ಕೂಗುವ ಕೆಲಸ ನಮ್ಮ ರೋಗಿಯಲ್ಲೇ ಉಳಿಯಿತು. ಮುಂದೆ ಕೆಲವು ವಾರಗಳಲ್ಲಿ ತೂತೂ ಮುಚ್ಚಿಕೊಂಡಿತು.

ಈ ಪ್ರಸಂಗವನ್ನು ನಾನು ವಿದ್ಯಾರ್ಥಿಗಳಿಗೆ ಹೀಗೆಯೇ ಹೇಳುತ್ತ ಬಂದಿದ್ದೇನೆ. ಈಗ ಬರೆಯುವ ಮೊದಲು ಆ ರೋಗಿಯ ವಿವರದ ಹಾಳೆಯನ್ನು ತರಿಸಿ ನೋಡಿದೆ. ಏಪ್ರಿಲ್ ೭ರ ಕೆಳಗೆ, ನನ್ನದೇ ಕೈಬರಹದಲ್ಲಿ, ಎಡಗಿವಿಯ ನಾಳದಲ್ಲಿ ಹರಳೆಣ್ಣೆ ಇತ್ತೆಂದೂ, ಹತ್ತಿಯಿಂದ ಒರೆಸಿದೆನೆಂದೂ, ಕಾಗದ ಸ್ವಸ್ಥಾನದಲ್ಲಿತ್ತೆಂದೂ ಇದೆ. ಅಂದರೆ ನಾನು ಬಾಗಿಲಲ್ಲಿ ಕೂಗುವ ಮೊದಲೇ ಅಜ್ಜಿ ಒಂದು ಸುತ್ತು ಎಣ್ಣೆ ಬಿಟ್ಟಾಗಿತ್ತು, ಕಾಗದ ಅದನ್ನು ತಡೆದಿತ್ತು. ಒಣಗಿದ ಕಿವಿಯನ್ನು ನಾನು ಇಂದಿಗೂ ಕಣ್ಣಾರೆ ಕಾಣಬಲ್ಲೆ. ಹಾಳೆಯಲ್ಲಿ ಅದು ಇಲ್ಲ.